ಡಾಂಬರು ಮುಗಿದ ಮೇಲೂ ಕಾರಿನ ವಿಮೆ ಜೊತೆಗೆ ಬರುತ್ತದೆಯೇ?

ಮಳೆಗಾಲ ಹತ್ತಿರವಾದಂತೆ ಓದುಗರಿಂದ ಒಂದೇ ಪ್ರಶ್ನೆ ಬೇರೆಬೇರೆ ವೇಷದಲ್ಲಿ ಬರತೊಡಗುತ್ತದೆ. ತೋಟದ ಮನೆಗೆ ಹೋಗುವ ಮಣ್ಣುರಸ್ತೆಯಲ್ಲಿ ಕಾರಿನ ಅಡಿಗೆ ಕಲ್ಲು ಬಡಿಯಿತು, ವಿಮೆಯ ಹಣ ಸಿಗುತ್ತದೆಯೇ? ಕಳಸದ ಕಡೆಯ ಹೋಂಸ್ಟೇಗೆ ಹೋಗಬೇಕಾದರೆ ಹಳ್ಳ ದಾಟಬೇಕಂತೆ, ಏನಾದರೂ ಹೆಚ್ಚುಕಡಿಮೆ ಆದರೆ? ಹೊಸದಾಗಿ ಫೋರ್ ವೀಲ್ ಡ್ರೈವ್ ಗಾಡಿ ಕೊಂಡವರದು ಇನ್ನೊಂದು ಆತಂಕ: ಆಫ್‌ರೋಡ್ ಹೋದರೆ ಪಾಲಿಸಿಯೇ ರದ್ದಾಗುತ್ತದೆಯಂತೆ, ನಿಜವೇ?

ರದ್ದಾಗುವುದಿಲ್ಲ. ನಮ್ಮ ದೇಶದಲ್ಲಿ ಖಾಸಗಿ ಕಾರುಗಳ ಪ್ಯಾಕೇಜ್ ಪಾಲಿಸಿಗೆ ಮೂಲವಾದದ್ದು 2002ರ ಇಂಡಿಯಾ ಮೋಟಾರ್ ಟ್ಯಾರಿಫ್‌ನ ಮಾದರಿ ಒಕ್ಕಣೆ. ಅದರಲ್ಲಿ ಡಾಂಬರು, ಜಲ್ಲಿ, ಮಣ್ಣು ಎಂಬ ಭೇದವೇ ಇಲ್ಲ. ಭೌಗೋಳಿಕ ವ್ಯಾಪ್ತಿ ಎಂಬಲ್ಲಿ ‘ಭಾರತ’ ಎಂದಷ್ಟೇ ಇದೆ. ಆದರೆ ಇಷ್ಟಕ್ಕೇ ನಿರಾಳವಾಗಬೇಡಿ. ಮಣ್ಣುರಸ್ತೆಯ ಕ್ಲೇಮುಗಳು ತಿರಸ್ಕೃತವಾಗುತ್ತಲೇ ಇರುತ್ತವೆ. ಕಾರನ್ನು ಯಾತಕ್ಕೆ ಬಳಸುತ್ತಿದ್ದಿರಿ, ಯಾರು ಓಡಿಸುತ್ತಿದ್ದರು, ಪೆಟ್ಟು ಬಿದ್ದ ಮೇಲೆ ನೀವು ಏನು ಮಾಡಿದಿರಿ ಎಂಬ ಪ್ರಶ್ನೆಗಳಲ್ಲಿ ಅವು ಎಡವುತ್ತವೆ. ನನ್ನ ಲೆಕ್ಕದಲ್ಲಿ ಹೆಚ್ಚು ಹಣ ಕಳೆಯುವುದು ಮೂರನೆಯದರಲ್ಲಿ, ಅದೂ ಪೆಟ್ಟು ಬಿದ್ದ ಮೊದಲ ಐದು ನಿಮಿಷದಲ್ಲಿ.

ಓದುವ ಮುನ್ನ ನಿಮ್ಮ ಪಾಲಿಸಿಯನ್ನು ಎದುರಿಗೆ ಇಟ್ಟುಕೊಳ್ಳಿ. ಏಜೆಂಟರು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವ ಎರಡು ಪುಟ ಸಾಲದು. ಅದು ಷೆಡ್ಯೂಲು, ಅಂದರೆ ನಿಮ್ಮ ಹೆಸರು, ಗಾಡಿಯ ನಂಬರು, ಕಟ್ಟಿದ ಹಣ, ಕೊಂಡ ಹೆಚ್ಚುವರಿ ರಕ್ಷಣೆಗಳ ಪಟ್ಟಿ. ಷರತ್ತುಗಳಿರುವ ಪುಸ್ತಿಕೆ ಬೇರೆ, ಅದನ್ನು ಕಂಪನಿಯ ಜಾಲತಾಣದಿಂದ ಇಳಿಸಿಕೊಳ್ಳಬೇಕು. ಈಚಿನ ಪಾಲಿಸಿಗಳ ಜೊತೆ ಗ್ರಾಹಕ ಮಾಹಿತಿ ಪತ್ರ ಎಂಬ ಸಂಕ್ಷಿಪ್ತ ಹಾಳೆಯೂ ಬರುತ್ತದೆ, ಅದನ್ನೂ ಹುಡುಕಿ. ಕಂಪನಿಗಳು ತಮ್ಮದೇ ಷರತ್ತುಗಳನ್ನು ಸೇರಿಸಿರಬಹುದಾದ್ದರಿಂದ, ಇಲ್ಲಿ ಹೇಳಿದ್ದಕ್ಕೂ ನಿಮ್ಮ ಪುಸ್ತಿಕೆಗೂ ಹೊಂದದಿದ್ದರೆ ಪುಸ್ತಿಕೆಯ ಮಾತೇ ಕೊನೆಯ ಮಾತು.

1. ಮೊದಲು ಪಾಲಿಸಿಯ ಜಾತಿ ನೋಡಿ

ಷೆಡ್ಯೂಲಿನ ತಲೆಯಲ್ಲಿ ‘ಲಯಬಿಲಿಟಿ ಓನ್ಲಿ’ ಎಂದಿದ್ದರೆ ನಿಮ್ಮದು ಬರೀ ಥರ್ಡ್ ಪಾರ್ಟಿ ವಿಮೆ. ಕಾನೂನು ಕಡ್ಡಾಯ ಮಾಡಿರುವುದು ಇದೊಂದನ್ನೇ. ಇದರಲ್ಲಿ ನಿಮ್ಮ ಕಾರಿಗೆ ಹೆದ್ದಾರಿಯಲ್ಲಿ ಏಟಾದರೂ ಒಂದು ರೂಪಾಯಿ ಬರುವುದಿಲ್ಲ, ಕಾಡುದಾರಿಯ ಮಾತು ಹಾಗಿರಲಿ. ಕಾರಿನಲ್ಲಿ ಜೊತೆಗೆ ಕೂತ ಗೆಳೆಯರಿಗೂ ಸಾಮಾನ್ಯವಾಗಿ ಇದರಿಂದ ಪರಿಹಾರ ಸಿಗುವುದಿಲ್ಲ.

ಜನರ ಬಾಯಲ್ಲಿ ‘ಫುಲ್ ಇನ್ಶೂರೆನ್ಸ್’ ಎನ್ನುವುದು ಪ್ಯಾಕೇಜ್ ಪಾಲಿಸಿ. ಇದರಲ್ಲಿ ಎರಡು ಭಾಗ: ನಿಮ್ಮ ಕಾರಿಗಾದ ಹಾನಿಯನ್ನು ನೋಡಿಕೊಳ್ಳುವ ಓನ್ ಡ್ಯಾಮೇಜ್, ಇತರರಿಗಾದ ಹಾನಿಯನ್ನು ನೋಡಿಕೊಳ್ಳುವ ಥರ್ಡ್ ಪಾರ್ಟಿ. ಹೊಸ ಕಾರು ಕೊಂಡವರು ಇಲ್ಲೊಂದು ಎಚ್ಚರ ವಹಿಸಬೇಕು. ಥರ್ಡ್ ಪಾರ್ಟಿ ಭಾಗವನ್ನು ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿಸಿಕೊಂಡಿರುತ್ತಾರೆ, ಓನ್ ಡ್ಯಾಮೇಜ್ ಭಾಗ ಮಾತ್ರ ಹಲವು ಸಲ ಒಂದೇ ವರ್ಷದ್ದಾಗಿರುತ್ತದೆ. ‘ನನ್ನದು ಮೂರು ವರ್ಷದ ಇನ್ಶೂರೆನ್ಸ್’ ಎಂದು ನಂಬಿ ಎರಡನೆಯ ವರ್ಷ ಬರಿಗೈಯಲ್ಲಿ ಗುಡ್ಡ ಹತ್ತಿದವರಿದ್ದಾರೆ. ಎರಡೂ ಭಾಗಗಳ ಮುಕ್ತಾಯದ ದಿನಾಂಕವನ್ನು ಬೇರೆಬೇರೆಯಾಗಿ ನೋಡಿಕೊಳ್ಳಿ.

2. ‘ಬಳಕೆಯ ಮಿತಿ’ ಎಂಬ ಸಾಲನ್ನು ಬೆರಳಿಟ್ಟು ಓದಿ

ಷೆಡ್ಯೂಲಿನಲ್ಲಿ ಸಣ್ಣ ಅಕ್ಷರದಲ್ಲಿ ‘ಲಿಮಿಟೇಶನ್ಸ್ ಆ್ಯಸ್ ಟು ಯೂಸ್’ ಎಂಬ ಸಾಲಿರುತ್ತದೆ. ಇಡೀ ದಾಖಲೆಯಲ್ಲಿ ನಿಮಗೆ ಅತಿ ಮುಖ್ಯವಾದದ್ದು ಇದು. ಮಾದರಿ ಒಕ್ಕಣೆಯ ಪ್ರಕಾರ ಕಾರನ್ನು ಯಾವ ಉದ್ದೇಶಕ್ಕಾದರೂ ಬಳಸಬಹುದು. ಆದರೆ ಬಾಡಿಗೆಗೆ, ಸರಕು ಸಾಗಣೆಗೆ, ಸಂಘಟಿತ ರೇಸಿಗೆ, ರೇಸಿನಲ್ಲಿ ಮುಂದೆ ಓಡಿ ವೇಗ ಹಾಕಿಕೊಡುವುದಕ್ಕೆ, ವೇಗಪರೀಕ್ಷೆಗೆ, ರಿಲಯಬಿಲಿಟಿ ಟ್ರಯಲ್‌ಗೆ, ವಾಹನ ವ್ಯಾಪಾರದ ಕೆಲಸಕ್ಕೆ ಬಳಸುವಂತಿಲ್ಲ. ರಿಲಯಬಿಲಿಟಿ ಟ್ರಯಲ್ ಎಂದರೆ ಗಾಡಿಯ ತಾಳಿಕೆಯನ್ನು ಒರೆಗೆ ಹಚ್ಚುವ ಸ್ಪರ್ಧೆ.

ಆಫ್‌ರೋಡ್ ಎಂಬ ಪದ ಈ ಪಟ್ಟಿಯಲ್ಲಿಲ್ಲ. ಆದರೆ ಮಲೆನಾಡಿನವರು ನಿತ್ಯ ಮಾಡುವ ಎರಡು ಕೆಲಸಗಳಿವೆ.

ಒಂದು, ಬಾಡಿಗೆ. ಹೋಂಸ್ಟೇಗೆ ಬಂದ ಅತಿಥಿಗಳನ್ನು ಸ್ವಂತ ಬಿಳಿ ಬೋರ್ಡ್ ಜೀಪಿನಲ್ಲಿ ಗುಡ್ಡದ ತುದಿಗೆ ಕರೆದೊಯ್ದು ತಲೆಗಿಷ್ಟು ಎಂದು ಪಡೆದರೆ ಅದು ಬಾಡಿಗೆ. ಜೀಪು ಮಗುಚಿದರೆ ನಿಮ್ಮ ಗಾಡಿಯ ಕ್ಲೇಮಿಗೂ ಅತಿಥಿಗಳ ಪರಿಹಾರಕ್ಕೂ ಕಂಪನಿ ತಕರಾರು ಎತ್ತುವುದು ಖಂಡಿತ. ಪ್ರವಾಸಿಗರಿಗೂ ಇದೇ ಪಾಠ: ಕೊಡಚಾದ್ರಿಗೋ ಮಾಂದಲಪಟ್ಟಿಗೋ ಬಾಡಿಗೆ ಜೀಪು ಹತ್ತುವ ಮುನ್ನ ನಂಬರ್ ಫಲಕದ ಬಣ್ಣ ನೋಡಿ. ಹಳದಿ ಇದ್ದರೆ ಕೂತುಕೊಳ್ಳಿ.

ಎರಡು, ಸರಕು. ಸ್ಯಾಂಪಲ್ ಮತ್ತು ಸ್ವಂತ ಲಗೇಜು ಬಿಟ್ಟು ಬೇರೆ ಸಾಮಾನು ಸಾಗಿಸುವುದು ಖಾಸಗಿ ಕಾರಿನ ವಿಮೆಗೆ ಹೊರತು. ಹಿಂದಿನ ಸೀಟು ಮಡಿಚಿ ಅಡಿಕೆ ಮೂಟೆಯನ್ನೋ ಕಾಫಿ ಚೀಲವನ್ನೋ ಮಂಡಿಗೆ ಒಯ್ಯುವಾಗ ಗಾಡಿ ಕಾಲುವೆಗೆ ಇಳಿದರೆ, ಫೋಟೊದಲ್ಲಿ ಮೊದಲು ಕಾಣುವುದು ಮೂಟೆಯೇ.

ಬಳಕೆಯ ಮಿತಿ ಮೀರಿದ ಮಾತ್ರಕ್ಕೆ ಎಲ್ಲವೂ ಮುಗಿಯಿತು ಎಂದಲ್ಲ. ಖಾಸಗಿ ವಾಹನವನ್ನು ಬಾಡಿಗೆಗೆ ಬಿಟ್ಟಿದ್ದ ಪ್ರಕರಣವೊಂದರಲ್ಲಿ, ಕ್ಲೇಮನ್ನು ಸಾರಾಸಗಟಾಗಿ ತಿರಸ್ಕರಿಸುವಂತಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಂಥವನ್ನು ‘ನಾನ್ ಸ್ಟ್ಯಾಂಡರ್ಡ್’ ಎಂದು ಪರಿಗಣಿಸಿ, ಸಲ್ಲಬೇಕಾದ ಮೊತ್ತದ ಶೇ. 75ರವರೆಗೆ ಕೊಡುವ ಪದ್ಧತಿ ಇದೆ. ತಾನಾಗಿ ಯಾರೂ ಹೇಳುವುದಿಲ್ಲ, ನೀವೇ ಕೇಳಬೇಕು.

ಆಫ್‌ರೋಡ್ ಕೂಟಗಳ ವಿಷಯಕ್ಕೆ ಬರೋಣ. ಭಾನುವಾರ ಹತ್ತು ಗೆಳೆಯರು ಸೇರಿ ಕೆಸರುದಾರಿಯಲ್ಲಿ ಹೋಗಿಬಂದರೆ ಅದು ರೇಸಲ್ಲ. ಅದೇ ದಾರಿಗೆ ಟೇಪು ಕಟ್ಟಿ, ನಂಬರ್ ಅಂಟಿಸಿ, ಗಡಿಯಾರ ಹಿಡಿದು, ಪ್ರವೇಶ ಶುಲ್ಕ ಪಡೆದರೆ ಅದು ಸಂಘಟಿತ ಸ್ಪರ್ಧೆ, ಪಾಲಿಸಿ ಅಲ್ಲಿಂದ ಹೊರಗೆ. ಕೊಡಗಿನಲ್ಲಿ ಕೊಯ್ಲಾದ ಗದ್ದೆಯಲ್ಲಿ ನಡೆಯುವ ಆಟೋಕ್ರಾಸ್, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ರ‍್ಯಾಲಿ ಎಲ್ಲವೂ ಈ ಗುಂಪಿನವು. ರ‍್ಯಾಲಿಗೆಂದೇ ಇಂಡಿಯಾ ಮೋಟಾರ್ ಟ್ಯಾರಿಫ್‌ನಲ್ಲಿ ಐಎಂಟಿ 31 ಎಂಬ ಪ್ರತ್ಯೇಕ ಅನುಬಂಧವಿದೆ. ಸ್ಪರ್ಧೆಗೆ ಮುನ್ನ ಹೆಚ್ಚಿನ ಹಣ ಕಟ್ಟಿ ಪಡೆಯಬೇಕು, ಮುಗಿದ ಮೇಲೆ ಕೇಳಿದರೆ ಸಿಗದು. ‘ಇದು ಸ್ಪರ್ಧೆಯಲ್ಲ, ಬರೀ ಖುಷಿಗೆ’ ಎನ್ನುವ ಆಯೋಜಕರ ಕರಪತ್ರದಲ್ಲಿ ಬಹುಮಾನದ ಮೊತ್ತ ಅಚ್ಚಾಗಿದ್ದರೆ ನೀವೇ ಅರ್ಥ ಮಾಡಿಕೊಳ್ಳಿ.

3. ನೀವು ಹೋಗುವ ದಾರಿ ಯಾವ ಬಗೆಯದು?

ಪಂಚಾಯಿತಿಯ ಮಣ್ಣುರಸ್ತೆ, ಜಲ್ಲಿ ಹಾಕಿ ಬಿಟ್ಟ ರಸ್ತೆ, ಊರವರೆಲ್ಲ ಓಡಾಡುವ ಗಾಡಿದಾರಿ, ಇವೆಲ್ಲ ಸಾರ್ವಜನಿಕ ಸ್ಥಳಗಳೇ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(34) ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಯಾವುದೇ ದಾರಿಯನ್ನು ಹಾಗೆ ಕರೆಯುತ್ತದೆ. ಮೇಲೆ ಡಾಂಬರಿರಬೇಕೆಂಬ ಮಾತು ಅಲ್ಲಿಲ್ಲ. ಲಡಾಖಿನ ಕಲ್ಲುದಾರಿಗೂ ಇದೇ ಅನ್ವಯ. ನೇಪಾಳಕ್ಕೋ ಭೂತಾನಿಗೋ ದಾಟುವುದಾದರೆ ಮಾತ್ರ ಭೌಗೋಳಿಕ ವ್ಯಾಪ್ತಿ ವಿಸ್ತರಿಸುವ ಅನುಬಂಧವನ್ನು ಮೊದಲೇ ಕೊಳ್ಳಬೇಕು.

ಸ್ವಂತ ತೋಟದೊಳಗಿನ ದಾರಿಯಲ್ಲಿ ನಿಮ್ಮ ಕಾರಿಗಾದ ಹಾನಿಗೆ ಓನ್ ಡ್ಯಾಮೇಜ್ ಸಲ್ಲುತ್ತದೆ, ಆ ಭಾಗಕ್ಕೆ ಸಾರ್ವಜನಿಕ ಸ್ಥಳವೆಂಬ ಷರತ್ತಿಲ್ಲ. ಆದರೆ ಗೇಟು ಹಾಕಿದ ಎಸ್ಟೇಟಿನೊಳಗೆ ಕೆಲಸದವರಿಗೆ ಕಾರು ತಗುಲಿ ಗಾಯವಾದರೆ, ಅದು ಸಾರ್ವಜನಿಕ ಸ್ಥಳವೇ ಅಲ್ಲವೇ ಎಂಬ ವಾದ ಎದ್ದೀತು. ನ್ಯಾಯಾಲಯಗಳು ಆ ಪದವನ್ನು ವಿಶಾಲವಾಗಿಯೇ ಅರ್ಥೈಸುತ್ತ ಬಂದಿದ್ದರೂ ಪ್ರಕರಣ ಎಳೆಯುತ್ತದೆ. ಪಕ್ಕದ ತೋಟದ ಬೇಲಿಗೋ ಅಡಿಕೆ ಸಸಿಗೋ ಗುದ್ದಿದರೆ ಥರ್ಡ್ ಪಾರ್ಟಿಯ ಆಸ್ತಿ ಹಾನಿ. ಖಾಸಗಿ ಕಾರಿಗೆ ಇದರ ಮಿತಿ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ. ಸ್ವಲ್ಪ ಹಣ ಉಳಿಸಲು ಇದನ್ನು 6,000 ರೂಪಾಯಿಗೆ ಇಳಿಸಿಕೊಳ್ಳುವ ಅವಕಾಶವೂ ಇದೆ. ನಿಮ್ಮ ಷೆಡ್ಯೂಲಿನಲ್ಲಿ ಯಾವ ಅಂಕಿ ಇದೆ ಎಂದು ನೋಡಿ.

ದಾರಿಯೇ ಇಲ್ಲದ ಕಡೆ, ಅಂದರೆ ಹೊಳೆಯ ಪಾತ್ರ, ಹುಲ್ಲುಗಾವಲಿನ ಇಳಿಜಾರು, ಕಡಲತೀರ, ಇಲ್ಲಿಂದ ತೊಡಕು ಶುರು. ಹೊರಗಿಡುವ ನೇರ ಷರತ್ತು ಮಾದರಿ ಒಕ್ಕಣೆಯಲ್ಲಿ ಇಲ್ಲ. ಆದರೆ ಕಾರನ್ನು ಹಾನಿಯಿಂದ ಕಾಪಾಡಲು ಸಮಂಜಸವಾದ ಎಲ್ಲ ಎಚ್ಚರಿಕೆ ವಹಿಸಬೇಕೆಂಬ ಷರತ್ತಿದೆ. ಕಣ್ಣೂರಿನ ಮುಳಪ್ಪಿಲಂಗಾಡ್‌ನಂತೆ ಕಾರು ಓಡಿಸಲು ಬಿಟ್ಟಿರುವ ಕಡಲತೀರ ಬೇರೆ. ನಿಷೇಧದ ಫಲಕ ದಾಟಿ ಮರಳಿಗಿಳಿದು, ಚಕ್ರ ಹೂತು, ಉಬ್ಬರಕ್ಕೆ ಸೀಟಿನ ಮಟ್ಟ ನೀರು ಬಂದ ಕಾರು ಬೇರೆ. ಎರಡನೆಯದರಲ್ಲಿ ಸರ್ವೇಯರ್, ಅಂದರೆ ಹಾನಿಯನ್ನು ಅಂದಾಜು ಮಾಡಲು ಕಂಪನಿ ನೇಮಿಸುವವರು, ಬರೆಯುವ ಮೊದಲ ವಾಕ್ಯ ಯಾವುದೆಂದು ಊಹಿಸುವುದು ಕಷ್ಟವಲ್ಲ.

ಕಾಡಿನ ವಿಷಯ ಇನ್ನೂ ನೇರ. ಮೀಸಲು ಅರಣ್ಯಕ್ಕೋ ಅಭಯಾರಣ್ಯಕ್ಕೋ ಅನುಮತಿಯಿಲ್ಲದೆ ನುಗ್ಗಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗಳ ಕೆಳಗೆ ಮೊಕದ್ದಮೆಯಾಗಬಹುದು, ಗಾಡಿ ಜಪ್ತಿಯಾಗಬಹುದು. ಜಪ್ತಿ ಎಂಬುದು ಅಪಘಾತವಲ್ಲ, ಅದಕ್ಕೆ ಯಾವ ವಿಮೆಯೂ ಇಲ್ಲ. ಅನುಮತಿ ಇರುವ ರಸ್ತೆಯಲ್ಲಿ ಆನೆ ಬಾನೆಟ್ ತುಳಿದರೆ ಮಾತ್ರ ಅದು ಹೊರಗಿನಿಂದ ಬಂದ ಆಕಸ್ಮಿಕ ಹಾನಿಯೇ, ಧಾರಾಳವಾಗಿ ಕೇಳಿ.

ಬಾಡಿಗೆಗೆ ಪಡೆದ ಸೆಲ್ಫ್ ಡ್ರೈವ್ ಕಾರಿಗೆ ಮೇಲಿನ ಸಮಾಧಾನ ಯಾವುದೂ ಸಾಲದು. ವಿಮೆಯಲ್ಲಿ ಇಲ್ಲದ ನಿಷೇಧ ಬಾಡಿಗೆ ಕರಾರಿನಲ್ಲಿ ಇರಬಹುದು. ಅದನ್ನು ಮೀರಿದರೆ ದುರಸ್ತಿಯ ಪೂರ್ತಿ ವೆಚ್ಚ ನಿಮ್ಮ ಠೇವಣಿಯಿಂದ ಹೋಗುತ್ತದೆ, ಸಾಲದೆ ಬಂದರೆ ನೋಟಿಸು ಬರುತ್ತದೆ.

4. ಯಾವ ಪೆಟ್ಟಿಗೆ ಹಣ, ಯಾವುದಕ್ಕೆ ಇಲ್ಲ

ಸೂತ್ರ ಒಂದೇ: ಹೊರಗಿನಿಂದ ಒಮ್ಮೆಗೆ ಬಿದ್ದ ಪೆಟ್ಟಿಗೆ ಹಣವುಂಟು, ಸವೆತಕ್ಕೂ ಯಂತ್ರದ ಕೆಡುಕಿಗೂ ಇಲ್ಲ. ಕೊರಕಲಿಗೆ ಇಳಿದು ಶಾಕ್ ಅಬ್ಸಾರ್ಬರ್ ಬಾಗಿದರೆ ಸಿಗುತ್ತದೆ; ಎರಡು ವರ್ಷ ಜಲ್ಲಿ ರಸ್ತೆಯಲ್ಲಿ ಓಡಿ ಬುಷ್‌ಗಳು ಸಡಿಲವಾದರೆ ಇಲ್ಲ. ಕೆಸರಲ್ಲಿ ಸಿಕ್ಕಿ ಅರ್ಧ ಗಂಟೆ ಆಕ್ಸಿಲರೇಟರ್ ಒತ್ತಿ ಕ್ಲಚ್ ಪ್ಲೇಟ್ ಸುಟ್ಟರೆ, ಆ ವಾಸನೆ ಸರ್ವೇಯರಿಗೂ ಗೊತ್ತು. ಟೈರು ಮಾತ್ರ ಕಲ್ಲಿಗೆ ಸೀಳಿದರೆ ಏನೂ ಬರುವುದಿಲ್ಲ. ಅದೇ ಏಟಿಗೆ ಗಾಡಿಯ ಬೇರೆ ಭಾಗಕ್ಕೂ ಹಾನಿಯಾಗಿದ್ದರೆ ಟೈರಿನ ಬೆಲೆಯ ಅರ್ಧ ಬರುತ್ತದೆ. ಲಂಟಾನದ ಪೊದೆ ಗೀಚಿದ ಗೀರುಗಳಿಗೆ ಕ್ಲೇಮು ಹಾಕುವ ಉತ್ಸಾಹವಿದ್ದರೆ ಮೊದಲು 8ನೆಯ ಹಂತ ಓದಿ.

ಇನ್ನು ಎರಡು ಹಾನಿಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು.

ಮೊದಲನೆಯದು ಚೇಂಬರ್. ಎಂಜಿನ್ನಿನ ತಳದಲ್ಲಿ ಆಯಿಲ್ ತುಂಬಿಕೊಂಡಿರುವ ಡಬ್ಬಿಯನ್ನು ನಮ್ಮ ಗ್ಯಾರೇಜುಗಳಲ್ಲಿ ಕರೆಯುವ ಹೆಸರು ಇದು. ಮಣ್ಣುರಸ್ತೆಯ ನಡುದಿಂಡಿನಲ್ಲಿ ಎದ್ದಿರುವ ಕಲ್ಲು ಕೆಳಗಿನಿಂದ ‘ಠಣ್’ ಎನ್ನುತ್ತದೆ. ಕಾರು ಮಾತ್ರ ಏನೂ ಆಗದಂತೆ ಮುಂದೆ ಹೋಗುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ಮೀಟರ್ ಫಲಕದಲ್ಲಿ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಇಳಿದು ಹಿಂದೆ ನೋಡಿದರೆ ಮಣ್ಣಿನ ಮೇಲೆ ಕಪ್ಪು ಗೆರೆ. ಇಲ್ಲಿಯವರೆಗಿನದು ಅಪಘಾತ, ಒಡೆದ ಚೇಂಬರ್‌ಗೆ ಹಣ ಸಿಗುತ್ತದೆ. ‘ಊರು ಎರಡೇ ಕಿಲೋಮೀಟರ್, ಹೇಗೋ ಮುಟ್ಟಿಸೋಣ’ ಎಂದು ಹೊರಟರೆ ಆಯಿಲ್ ಇಲ್ಲದೆ ಎಂಜಿನ್ ಸೀಜ್ ಆಗುತ್ತದೆ, ಅಂದರೆ ಒಳಗಿನ ಲೋಹಗಳು ಉಜ್ಜಿ ಕಚ್ಚಿಕೊಳ್ಳುತ್ತವೆ. ದುರಸ್ತಿಗೆ ಮುನ್ನ ಗಾಡಿ ಓಡಿಸಿದ್ದರಿಂದ ಹೆಚ್ಚಿದ ಹಾನಿ ಪೂರ್ತಿ ಮಾಲೀಕರದೇ ಎಂದು ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಕೆಲವು ಸಾವಿರದಲ್ಲಿ ಮುಗಿಯುತ್ತಿದ್ದ ಕೆಲಸ ಲಕ್ಷಕ್ಕೆ ಏರುವುದು ಆ ಎರಡು ಕಿಲೋಮೀಟರಿನಲ್ಲಿ.

ಎರಡನೆಯದು ನೀರು. ಹಳ್ಳದ ನಡುವೆ ಎಂಜಿನ್ ನಿಂತಿತೆಂದರೆ, ಗಾಳಿ ಹೋಗುವ ಕೊಳವೆಯಿಂದ ನೀರು ಸಿಲಿಂಡರಿಗೆ ಹೊಕ್ಕಿರಬಹುದು. ಗಾಳಿಯನ್ನು ಪಿಸ್ಟನ್ ಅದುಮಬಲ್ಲದು, ನೀರನ್ನು ಅದುಮಲಾಗದು. ಆಗ ನೀವು ಸ್ಟಾರ್ಟ್ ಗುಂಡಿ ಒತ್ತಿದರೆ ಪಿಸ್ಟನ್ ನೀರಿಗೆ ಗುದ್ದಿ, ಅದನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದಕ್ಕೆ ಹೈಡ್ರೋಸ್ಟ್ಯಾಟಿಕ್ ಲಾಕ್ ಎನ್ನುತ್ತಾರೆ. ಪ್ರವಾಹ ಎಂಬುದು ಪಾಲಿಸಿಯ ಅಪಾಯಗಳ ಪಟ್ಟಿಯಲ್ಲಿ ಇದೆಯಾದರೂ, ಎಂಜಿನ್ ಕೆಟ್ಟದ್ದು ನೀರಿನಿಂದಲ್ಲ, ನೀವು ಮತ್ತೆ ಸ್ಟಾರ್ಟ್ ಮಾಡಿದ್ದರಿಂದ ಎನ್ನುವುದು ಕಂಪನಿಗಳ ನಿಲುವು. ‘ಕಾನ್ಸಿಕ್ವೆನ್ಷಿಯಲ್ ಲಾಸ್’, ಅಂದರೆ ಮೂಲ ಅಪಘಾತದ ಬೆನ್ನಿಗೆ ಬಂದ ನಷ್ಟ ಎಂಬ ಹೆಸರಿನಲ್ಲಿ ಅದನ್ನು ಬದಿಗಿಡುತ್ತಾರೆ. ನೀರಿನಲ್ಲಿ ನಿಂತ ಗಾಡಿಯನ್ನು ತಳ್ಳಿ, ಎಳೆಸಿ, ಏನು ಬೇಕಾದರೂ ಮಾಡಿ; ಸ್ಟಾರ್ಟ್ ಮಾತ್ರ ಮಾಡಬೇಡಿ. ಹೊಸ ಗಾಡಿಗಳಲ್ಲಿ ಕೀ ತಿರುಗಿಸುವ ಬದಲು ಗುಂಡಿ ಬಂದ ಮೇಲೆ ಬೆರಳು ತಾನೇ ತಾನಾಗಿ ಅಲ್ಲಿಗೇ ಹೋಗುತ್ತದೆ, ಅದನ್ನು ತಡೆಯಿರಿ.

5. ಮಣ್ಣುದಾರಿಯವರಿಗೆ ಬೇಕಾದ ಆ್ಯಡ್ ಆನ್

ಆ್ಯಡ್ ಆನ್ ಎಂದರೆ ಹೆಚ್ಚು ಹಣ ಕಟ್ಟಿ ಸೇರಿಸಿಕೊಳ್ಳುವ ರಕ್ಷಣೆ. ನನ್ನ ಕ್ರಮಾಂಕ ಹೀಗಿದೆ. ಎಂಜಿನ್ ಪ್ರೊಟೆಕ್ಟ್ ಮೊದಲು. ನೀರು ಹೊಕ್ಕು ಅಥವಾ ಆಯಿಲ್ ಸೋರಿ ಎಂಜಿನ್ನಿಗೆ ಆದ ಹಾನಿಗೆ ಇದೊಂದೇ ಆಸರೆ. ಆದರೂ ಬೇಕೆಂದೇ ಓಡಿಸಿದ್ದು ಕಂಡುಬಂದರೆ ಇದರಲ್ಲೂ ತಕರಾರು ಬರುತ್ತದೆ. ಎರಡನೆಯದು ಝೀರೋ ಡೆಪ್ರಿಸಿಯೇಷನ್, ಜನರ ಮಾತಿನಲ್ಲಿ ‘ಬಂಪರ್ ಟು ಬಂಪರ್’. ಹಳೆಯ ಭಾಗಕ್ಕೆ ಸವಕಳಿ ಕಳೆಯದೆ ಪೂರ್ತಿ ಬೆಲೆ ಕೊಡುತ್ತದೆ. ವರ್ಷಕ್ಕೆ ಎಷ್ಟು ಸಲ ಎಂಬ ಮಿತಿ ಸಾಮಾನ್ಯವಾಗಿ ಇರುತ್ತದೆ. ಮೂರನೆಯದು ಆಯಿಲ್, ಕೂಲಂಟ್, ನಟ್ಟು ಬೋಲ್ಟುಗಳ ಕನ್ಸ್ಯೂಮಬಲ್ಸ್ ಕವರ್. ಕಲ್ಲುದಾರಿಯೇ ನಿತ್ಯದ ದಾರಿಯಾಗಿದ್ದರೆ ಟೈರ್ ಕವರ್ ಯೋಚಿಸಬಹುದು.

ರೋಡ್‌ಸೈಡ್ ಅಸಿಸ್ಟೆನ್ಸ್ ಎಲ್ಲರೂ ಕೊಳ್ಳುವ ಆ್ಯಡ್ ಆನ್, ಹೆಸರಲ್ಲೇ ಅದರ ಮಿತಿಯೂ ಇದೆ. ಸಹಾಯದ ಗಾಡಿ ಬರಲಾಗದ ಜಾಗಕ್ಕೆ ಸೇವೆ ಇಲ್ಲವೆಂದು ಅನೇಕ ಕರಾರುಗಳಲ್ಲಿ ಬರೆದಿರುತ್ತಾರೆ. ಗುಡ್ಡದ ಮೇಲೆ ನಿಮಗೆ ಒದಗುವವರು ಹತ್ತಿರದ ಟ್ರ್ಯಾಕ್ಟರಿನವರೇ.

6. ಗಾಡಿಗೆ ಮಾಡಿಸಿದ ಬದಲಾವಣೆಗಳನ್ನು ಮುಚ್ಚಿಡಬೇಡಿ

ಎತ್ತರಿಸಿದ ಸಸ್ಪೆನ್ಷನ್, ದಪ್ಪ ಟೈರು, ಎಂಜಿನ್ನಿಗೆ ಮೇಲಿನಿಂದ ಗಾಳಿ ತರುವ ಸ್ನಾರ್ಕಲ್ ಕೊಳವೆ, ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್ ಇವೆಲ್ಲ ನೋಡಲು ಚೆಂದ. ಆರ್‌ಸಿಯಲ್ಲಿರುವ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಲು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಅಡ್ಡ ಬರುತ್ತದೆ. ಬಂಪರಿನ ಮುಂದೆ ಕೂರಿಸುವ ಲೋಹದ ಚೌಕಟ್ಟು, ಅಂದರೆ ಬುಲ್ ಬಾರ್ ಅಂತೂ ನಿಷಿದ್ಧ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ತಿಳಿಸಿದೆ. ಕಾನೂನು ಒಪ್ಪುವ ಉಪಕರಣಗಳನ್ನು ಹಾಕಿಸಿದರೆ ಬಿಲ್ಲಿನೊಂದಿಗೆ ಕಂಪನಿಗೆ ತಿಳಿಸಿ, ಷೆಡ್ಯೂಲಿನಲ್ಲಿ ಅವುಗಳ ಬೆಲೆ ಸೇರಿಸಿಕೊಳ್ಳಿ. ತಿಳಿಸದಿದ್ದರೆ ಆ ಉಪಕರಣಕ್ಕೆ ಹಣ ಬರುವುದಿಲ್ಲ. ಅದರಿಂದಲೇ ಅಪಘಾತವಾಯಿತು ಎಂದು ಸರ್ವೇಯರಿಗೆ ಅನಿಸಿದರೆ ಇಡೀ ಕ್ಲೇಮಿಗೇ ಕುತ್ತು.

7. ಪೆಟ್ಟು ಬಿದ್ದಾಗ, ಇದೇ ಕ್ರಮದಲ್ಲಿ

ಎಂಜಿನ್ ಆರಿಸಿ. ಜನರನ್ನು ಇಳಿಸಿ, ಚಕ್ರಕ್ಕೆ ಕಲ್ಲು ಕೊಡಿ.

ಗಾಡಿಯನ್ನು ಕದಲಿಸುವ ಮುನ್ನ ಫೋಟೊ ತೆಗೆಯಿರಿ. ದೂರದಿಂದ ಒಂದು, ದಾರಿಯೂ ಗಾಡಿಯೂ ಕಾಣುವಂತೆ. ಹತ್ತಿರದಿಂದ ಒಂದು, ಹಾನಿ ಕಾಣುವಂತೆ. ಬಡಿದ ಕಲ್ಲು ಸಿಕ್ಕರೆ ಅದರದೂ ಒಂದು, ಕಲ್ಲಿನ ಮೇಲೆ ಲೋಹ ಉಜ್ಜಿದ ಗುರುತು ಒಳ್ಳೆಯ ಸಾಕ್ಷಿ. ನೀರಾದರೆ ಬಾಗಿಲ ಮೇಲೆ ನೀರು ಎಲ್ಲಿವರೆಗೆ ಬಂದಿತ್ತು ಎಂಬ ಗೆರೆ ಒಣಗುವ ಮುನ್ನ.

ಕಂಪನಿಗೆ ಕರೆ ಮಾಡಿ ಕ್ಲೇಮ್ ನಂಬರ್ ಪಡೆಯಿರಿ. ಮಲೆನಾಡಿನಲ್ಲಿ ನೆಟ್‌ವರ್ಕ್ ಸಿಗದಿರುವುದೇ ಹೆಚ್ಚು. ಆಗ ಘಟನೆಯ ಸಮಯ, ಎಂಜಿನ್ ಆರಿಸಿದ ಸಮಯ, ಜಾಗದ ಹೆಸರು, ಅಲ್ಲಿದ್ದವರ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದುಕೊಂಡು, ನೆಟ್‌ವರ್ಕ್ ಸಿಕ್ಕ ಕೂಡಲೇ ತಿಳಿಸಿ. ತಡವಾದದ್ದಕ್ಕೆ ಕಾರಣವನ್ನು ಅರ್ಜಿಯಲ್ಲೇ ಬರೆಯಿರಿ.

ಯಾರಿಗಾದರೂ ಗಾಯವಾಗಿದ್ದರೆ ಮೊದಲು ಆಸ್ಪತ್ರೆ, ಬೆನ್ನಿಗೇ ಪೊಲೀಸ್ ಠಾಣೆ. ಊರಲ್ಲೇ ರಾಜಿ ಮಾಡಿ ಚೀಟಿ ಬರೆದುಕೊಟ್ಟು ಬರಬೇಡಿ. ಕಂಪನಿಯ ಒಪ್ಪಿಗೆ ಇಲ್ಲದೆ ತಪ್ಪೊಪ್ಪುವುದೂ ಹಣದ ಮಾತು ಕೊಡುವುದೂ ಷರತ್ತಿಗೆ ವಿರುದ್ಧ.

ಎಳೆಸುವಾಗ ಹಗ್ಗವನ್ನು ಕಂಪನಿ ಕೊಟ್ಟ ಟೋಯಿಂಗ್ ಕೊಕ್ಕೆಗೇ ಕಟ್ಟಿಸಿ. ಬಂಪರಿಗೆ ಕಟ್ಟಿ ಎಳೆದು ಅದನ್ನೇ ಕಿತ್ತುಕೊಂಡು ಬಂದ ಟ್ರ್ಯಾಕ್ಟರುಗಳುಂಟು. ಹತ್ತಿರದ ಗ್ಯಾರೇಜಿಗೆ ಸಾಗಿಸುವ ಖರ್ಚಿಗೆ ಮಾದರಿ ಒಕ್ಕಣೆಯಲ್ಲಿ ಒಂದು ಅಪಘಾತಕ್ಕೆ 1,500 ರೂಪಾಯಿ ಮಾತ್ರ ಇದೆ, ರಸೀದಿ ಇದ್ದರಷ್ಟೇ. ಗಾಡಿಯನ್ನು ರಾತ್ರಿ ಅಲ್ಲೇ ಬಿಡಬೇಕಾದರೆ ಕಾಯಲು ಯಾರನ್ನಾದರೂ ನೇಮಿಸಿ. ಎಚ್ಚರಿಕೆಯಿಲ್ಲದೆ ಬಿಟ್ಟುಹೋದ ಗಾಡಿಗೆ ಮುಂದೆ ಆದ ಹಾನಿ ನಿಮ್ಮದೆಂದು ಪಾಲಿಸಿ ಹೇಳುತ್ತದೆ.

ಗ್ಯಾರೇಜಿನಲ್ಲಿ ಸರ್ವೇಯರ್ ಬರುವ ಮುನ್ನ ಎಂಜಿನ್ ಬಿಚ್ಚಲು ಬಿಡಬೇಡಿ. ವಿಮಾ ಕಂಪನಿಗಳ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐನ 2024ರ ಸುತ್ತೋಲೆಯ ಪ್ರಕಾರ, ಸರ್ವೇಯರ್ ಬೇಕಾದ ಪ್ರಕರಣಗಳಲ್ಲಿ ಕ್ಲೇಮು ತಿಳಿಸಿದ 24 ಗಂಟೆಯೊಳಗೆ ಅವರನ್ನು ನೇಮಿಸಬೇಕು, 15 ದಿನದಲ್ಲಿ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಈ ಅಂಕಿಗಳನ್ನು ಇಮೇಲಿನಲ್ಲಿ ಉಲ್ಲೇಖಿಸಿದರೆ ಕೆಲಸ ಚುರುಕಾಗುವುದನ್ನು ಕಂಡಿದ್ದೇನೆ.

ಇನ್ನೊಂದು ಮಾತು. ‘ಗಾಡಿಯನ್ನು ಡಾಂಬರು ರಸ್ತೆಗೆ ಎಳೆದು ತಂದು ಅಲ್ಲಿ ಫೋಟೊ ತೆಗೆಯಿರಿ’ ಎಂಬ ಸಲಹೆ ಪುಕ್ಕಟೆಯಾಗಿ ಸಿಗುತ್ತದೆ, ಕೆಲವೊಮ್ಮೆ ಗ್ಯಾರೇಜಿನಿಂದಲೇ. ಮಣ್ಣುರಸ್ತೆಯಲ್ಲಾದ ಹಾನಿಗೆ ಹಣ ಸಿಗುತ್ತಿತ್ತು. ಸುಳ್ಳು ಹೇಳಿದ್ದಕ್ಕೆ ಸಿಗುವುದಿಲ್ಲ. ಫೋಟೊದೊಳಗೆ ಜಾಗ, ಸಮಯ ದಾಖಲಾಗಿರುತ್ತದೆ. ತಳಕ್ಕೆ ಮೆತ್ತಿದ ಕೆಂಪು ಮಣ್ಣು ಹೆದ್ದಾರಿಯಲ್ಲಿ ಸಿಗುವಂಥದ್ದಲ್ಲ.

8. ಕ್ಲೇಮು ಹಾಕುವ ಮುನ್ನ ಲೆಕ್ಕ ಹಾಕಿ

ಒಂದು ಉದಾಹರಣೆ ನೋಡೋಣ. ಮೊತ್ತಗಳು ನಾನು ಊಹಿಸಿಕೊಂಡವು, ಸವಕಳಿಯ ಪ್ರಮಾಣಗಳು ಮಾದರಿ ಒಕ್ಕಣೆಯವು. ಕಾರಿಗೆ ಎರಡು ವರ್ಷ ತುಂಬಿ ಮೂರನೆಯದು ನಡೆಯುತ್ತಿದೆ, 1,500 ಸಿಸಿಗಿಂತ ಕಡಿಮೆ, ಆ್ಯಡ್ ಆನ್ ಇಲ್ಲ. ಕಲ್ಲಿಗೆ ಬಂಪರ್, ಚೇಂಬರ್ ಎರಡೂ ಒಡೆದಿವೆ. ಬಿಲ್ಲು: ಬಂಪರ್ 8,000, ಚೇಂಬರ್ 6,000, ಕೂಲಿ 5,000, ಆಯಿಲ್ 3,000, ಒಟ್ಟು 22,000 ರೂಪಾಯಿ.

ಬಂಪರ್ ಪ್ಲಾಸ್ಟಿಕ್, ಆದ್ದರಿಂದ ಅರ್ಧ ಸವಕಳಿ: 4,000 ಬರುತ್ತದೆ. ಚೇಂಬರ್ ಲೋಹದ್ದು, ಈ ವಯಸ್ಸಿಗೆ ಶೇ. 15 ಸವಕಳಿ: 5,100. ಕೂಲಿ ಪೂರ್ತಿ. ಆಯಿಲ್‌ಗೆ ಏನೂ ಇಲ್ಲ. ಒಟ್ಟು 14,100ರಲ್ಲಿ ಕಡ್ಡಾಯ ಕಡಿತ, ಅಂದರೆ ಪ್ರತಿ ಕ್ಲೇಮಿನಲ್ಲೂ ಮಾಲೀಕರೇ ಹೊರಬೇಕಾದ ಪಾಲು, 1,000 ಹೋಗಿ, 13,100 ಕೈಗೆ. 1,500 ಸಿಸಿಗಿಂತ ದೊಡ್ಡ ಕಾರಾದರೆ ಈ ಕಡಿತ 2,000.

ಈಗ ಇನ್ನೊಂದು ಕಡೆ ನೋಡಿ. ಕ್ಲೇಮು ಹಾಕದ ವರ್ಷಗಳಿಗೆ ಓನ್ ಡ್ಯಾಮೇಜ್ ಕಂತಿನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಶೇ. 20, 25, 35, 45, 50 ಎಂದು ಏರುತ್ತದೆ. ಈ ಕಾರಿಗೆ ಮುಂದಿನ ನವೀಕರಣದಲ್ಲಿ ಶೇ. 35 ಸಿಗಬೇಕಿತ್ತು. ಕ್ಲೇಮು ಹಾಕಿದರೆ ಸೊನ್ನೆಗೆ ಇಳಿದು ಮತ್ತೆ ಮೊದಲಿಂದ ಏರಬೇಕು. ರಿಯಾಯಿತಿಗೆ ಮುನ್ನಿನ ಕಂತು ವರ್ಷಕ್ಕೆ 10,000 ಎಂದಿಟ್ಟುಕೊಂಡರೆ, ಐದು ನವೀಕರಣಗಳಲ್ಲಿ ಕ್ರಮವಾಗಿ 3,500, 2,500, 2,500, 1,500, 500 ಹೆಚ್ಚು ಕಟ್ಟುತ್ತೀರಿ. ಒಟ್ಟು 10,500. ಅಂದರೆ 13,100 ಪಡೆದು ನಿಜವಾಗಿ ಉಳಿದದ್ದು 2,600. ಕಾರಿನ ಬೆಲೆ ಇಳಿದಂತೆ ಕಂತೂ ಇಳಿಯುವುದರಿಂದ ಇನ್ನೂ ಸ್ವಲ್ಪ ಉಳಿದೀತು, ಆದರೂ ಚಿತ್ರ ಬದಲಾಗುವುದಿಲ್ಲ. ಬಿಲ್ಲು ಹತ್ತು ಸಾವಿರದೊಳಗಿದ್ದರೆ ನಾನಂತೂ ಕೈಯಿಂದಲೇ ಕೊಟ್ಟು ಸುಮ್ಮನಾಗುತ್ತೇನೆ.

9. ತಿರಸ್ಕರಿಸಿದರೆ

ಬಾಯಿಮಾತಿನ ‘ಆಗುವುದಿಲ್ಲ ಸಾರ್’ ಒಪ್ಪಬೇಡಿ. ಯಾವ ಷರತ್ತಿನ ಯಾವ ಸಂಖ್ಯೆಯ ಮೇಲೆ ತಿರಸ್ಕರಿಸಿದ್ದಾರೆ ಎಂದು ಬರಹದಲ್ಲಿ ಕೇಳಿ, ಸರ್ವೇಯರ್ ವರದಿಯ ಪ್ರತಿಯನ್ನೂ ಕೇಳಿ. ‘ಆಫ್‌ರೋಡ್ ಆದ್ದರಿಂದ ಇಲ್ಲ’ ಎಂದು ಬರೆದುಕೊಟ್ಟರೆ, ಪುಸ್ತಿಕೆಯಲ್ಲಿ ಆ ಪದ ಎಲ್ಲಿದೆ ತೋರಿಸಿ ಎನ್ನುವುದೇ ನಿಮ್ಮ ಮೊದಲ ಪತ್ರ.

ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, ಜೊತೆಗೆ ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲೂ ದಾಖಲಿಸಿ, ಸಹಾಯವಾಣಿ 155255. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಕಂಪನಿಗಳ ಮೇಲಿನ ದೂರು ಬಗೆಹರಿಸುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಗ್ರಾಹಕರ ಆಯೋಗದ ಬಾಗಿಲೂ ಇದೆ, ಅಲ್ಲಿ ಎರಡು ವರ್ಷ ಅವಕಾಶ. ಆದರೆ ಆಯೋಗದಲ್ಲಿ ಪ್ರಕರಣ ಹೂಡಿದ ಮೇಲೆ ಅದೇ ವಿಷಯಕ್ಕೆ ಓಂಬುಡ್ಸ್‌ಮನ್ ಬಳಿ ಹೋಗುವಂತಿಲ್ಲ, ಹಾಗಾಗಿ ಈ ಕ್ರಮವನ್ನು ತಿರುವುಮುರುವು ಮಾಡಬೇಡಿ.

ಅರ್ಜಿಯೊಂದಿಗೆ ಷೆಡ್ಯೂಲು, ಪುಸ್ತಿಕೆ, ಡಿಎಲ್, ಆರ್‌ಸಿ, ಗ್ಯಾರೇಜಿನ ಬಿಲ್ಲು, ತಿರಸ್ಕಾರದ ಪತ್ರ ಇಡಿ. ಒಡೆದ ಚೇಂಬರನ್ನು ಗುಜರಿಗೆ ಹಾಕದಂತೆ ಗ್ಯಾರೇಜಿಗೆ ಹೇಳಿ. ಆ ದಿನ ಸ್ಥಳದಲ್ಲೇ ತೆಗೆದ ಫೋಟೊಗಳನ್ನೂ, ಎಂಜಿನ್ ಎಷ್ಟು ಗಂಟೆಗೆ ಆರಿಸಿದಿರಿ ಎಂದು ಬರೆದ ಚೀಟಿಯನ್ನೂ ಎಲ್ಲಕ್ಕಿಂತ ಮೇಲೆ ಲಗತ್ತಿಸಿ.